ಹೂಂಗುಟ್ಟುವ ಭಾವ

ನಮ್ಮ ಭಾವ ಸಿಕ್ಸ್ಟೆನ್‌ಗೆ ಡ್ಯಾನಿಶ್ ಚೆನ್ನಾಗಿ ತಿಳಿಯುತ್ತದೆಂದು ಊರೆಲ್ಲ ನಂಬಿತ್ತು. ಹಾಗೆ ನಂಬಿಸಿದವನು ಅವನೇ. ಭಾವನಿಗೆ ಏಕವಚನವೇ ಎಂದು ಹುಬ್ಬೇರಿಸಬೇಡಿ. ಸ್ವೀಡನ್ನಿನಲ್ಲಿ ರಾಜನೊಬ್ಬನನ್ನು ಬಿಟ್ಟರೆ ಎಲ್ಲರಿಗೂ ಏಕವಚನವೇ.

ವೆನೆರ್ನ್ ಸರೋವರದ ದಡದ ಈ ಊರಿನಲ್ಲಿ ಅವನದೊಂದು ಕ್ಷೌರದ ಅಂಗಡಿ. ಕುರ್ಚಿಯಲ್ಲಿ ಕೂತವರು ಹೆಂಡತಿಯನ್ನು ಬೈಯಲಿ, ಸರ್ಕಾರವನ್ನು ಬೈಯಲಿ, ಅವನು ಕತ್ತರಿ ಆಡಿಸುತ್ತ ಹೂಂಗುಟ್ಟುತ್ತಾನೆ. ಅದೂ ನಮ್ಮ ಕಡೆಯ ರೀತಿಯಲ್ಲಿ, ಉಸಿರನ್ನು ಒಳಗೆಳೆದುಕೊಂಡು ‘ಯಾ’ ಎನ್ನುವುದು. ಹೊಸಬರು ಕೇಳಿದರೆ ಪಾಪ, ಇವನಿಗೆ ಉಬ್ಬಸ ಅಂದುಕೊಳ್ಳುತ್ತಾರೆ. ಈ ಒಂದು ‘ಯಾ’ದ ಬಲದಿಂದಲೇ ಅವನು ಅಂಗಡಿ ಬೆಳೆಸಿದ, ನನ್ನ ಅಕ್ಕ ಗುನ್ವೋರ್‌ಳನ್ನು ಮದುವೆಯಾದ, ಕೊನೆಗೆ ಊರಿನ ನೆರೆಭಾಷಾ ಬಳಗಕ್ಕೆ ಅಧ್ಯಕ್ಷನೂ ಆದ.

ಅಕ್ಕನೂ ನಾನೂ ನಾರ್ವೆಯವರು. ಅವಳಿಗೆ ಮಗುವಾದಾಗ ನೆರವಿಗೆಂದು ಬಂದ ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿ ಇಲ್ಲೇ ಬೇರು ಬಿಟ್ಟೆ. ನಾರ್ವೆಯವರಿಗೆ ಸ್ವೀಡನ್ನಿನವರ ಮಾತೂ ತಿಳಿಯುತ್ತದೆ, ಡೆನ್ಮಾರ್ಕಿನವರ ಮಾತೂ ತಿಳಿಯುತ್ತದೆ. ಇದು ಜಂಬವಲ್ಲ, ಇದ್ದ ಸಂಗತಿ. ಸರಿ, ಸ್ವಲ್ಪ ಜಂಬವೂ ಹೌದು. ಸ್ವೀಡನ್ನಿನವರದು ಹಿರಿಯಣ್ಣನ ಗತ್ತು. ಬೇರೆಯವರು ತಮ್ಮನ್ನು ಅರ್ಥಮಾಡಿಕೊಳ್ಳಬೇಕೇ ಹೊರತು ತಾವು ಕಿವಿಗೊಡುವ ಪೈಕಿಯಲ್ಲ. ಡೆನ್ಮಾರ್ಕಿನವರಂತೂ ಬಿಸಿ ಆಲೂಗಡ್ಡೆಯನ್ನು ಬಾಯಲ್ಲಿಟ್ಟುಕೊಂಡೇ ಹುಟ್ಟಿದವರು. ಬರೆದದ್ದನ್ನು ಓದಿದರೆ ನಮ್ಮದೇ ಮಾತು, ಬಾಯಿ ಬಿಟ್ಟರೆ ಅರ್ಧ ಅಕ್ಷರ ಗಂಟಲಲ್ಲೇ ಉಳಿದಿರುತ್ತದೆ.

ಬಳಗದ ಕೆಲಸವೆಂದರೆ ನಡುಬೇಸಿಗೆ ಹಬ್ಬದಲ್ಲಿ ಮೂರು ದೇಶದ ಮೂರು ಊರುಗಳು ಸೇರಿ ಉಣ್ಣುವುದು. ಒಂದು ವರ್ಷ ಇಲ್ಲಿ, ಇನ್ನೊಂದು ವರ್ಷ ಅಲ್ಲಿ. ಭಾವ ಅಧ್ಯಕ್ಷನಾದ ಕೂಡಲೇ ಒಂದು ನಿಯಮ ತಂದ. ಎಲ್ಲರೂ ಅವರವರ ಮಾತನ್ನೇ ಆಡಬೇಕು. ಇಂಗ್ಲಿಷ್ ಆಡಿದವರು ಇಡೀ ಊಟದ ಪಾತ್ರೆ ತೊಳೆಯಬೇಕು. “ಅಣ್ಣತಮ್ಮಂದಿರು ಮಾತಾಡ್ಕೊಳ್ಳೋಕೆ ಮೂರನೆಯವನ ನಾಲಿಗೆ ಯಾಕೆ?” ಎಂದು ಭಾಷಣ ಬಿಗಿದಾಗ ಚಪ್ಪಾಳೆಯೋ ಚಪ್ಪಾಳೆ. ಅಂಚೆ ಕಚೇರಿಯ ಹೆಂಗಸೊಬ್ಬಳು ಯಾರದೋ ಕಾಲು ತುಳಿದು ಅಪ್ಪಿತಪ್ಪಿ ‘ಸಾರಿ’ ಅಂದುಬಿಟ್ಟು, ಸಂಜೆಯವರೆಗೆ ತಟ್ಟೆ ಉಜ್ಜಿದಳು.

ನಡೆಯುತ್ತಿದ್ದುದೇನು ಗೊತ್ತೆ? ಡೆನ್ಮಾರ್ಕ್ ಬಳಗದ ಹಿರಿಯ ಪ್ರೇಬೆನ್ ಭಾವನ ಪಕ್ಕ ಕೂತು ಏನೋ ಹೇಳುತ್ತಾನೆ. ಭಾವ ಉಸಿರೆಳೆದು ‘ಯಾ’ ಎನ್ನುತ್ತಾನೆ. ಆಮೇಲೆ ಇವನೇನೋ ಹೇಳುತ್ತಾನೆ, ಅವನು ನಗುತ್ತಾನೆ. ನೋಡಿದವರಿಗೆ ಆಹಾ, ಎಂಥ ಸ್ನೇಹ! ನಾನು ಕಿವಿಗೊಟ್ಟು ಕೇಳಿದ್ದೇನೆ. ಒಬ್ಬ ತನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳುತ್ತಿದ್ದರೆ ಇನ್ನೊಬ್ಬ ಮೀನಿನ ಉಪ್ಪಿನ ಬಗ್ಗೆ ಹೇಳುತ್ತಿದ್ದ.

ಇದೆಲ್ಲ ಊಟದ ಮೇಜಿಗಷ್ಟೇ ಸೀಮಿತವಾಗಿದ್ದರೆ ನಗುತ್ತ ಇದ್ದುಬಿಡಬಹುದಿತ್ತು. ಆದರೆ ಭಾವನ ಮಗಳು ಮಾಲಿನ್ ಡೆನ್ಮಾರ್ಕಿನವನನ್ನೇ ಮದುವೆಯಾಗಿ ಅಲ್ಲೇ ನೆಲೆಸಿದಳು. ಅವಳ ಮಗಳು ಲಿವಾ. ಈಗ ಎಂಟು ವರ್ಷ. ಸ್ವೀಡಿಶ್ ಕೇಳಿದರೆ ತಿಳಿಯುತ್ತದೆ, ಬಾಯಿಗೆ ಬರುವುದು ಡ್ಯಾನಿಶ್ ಮಾತ್ರ. ಆ ಮಗುವಿಗೆ ಅಜ್ಜನೆಂದರೆ ಪ್ರಾಣ. ಯಾಕೆಂದು ಕೇಳಿದೆ ಒಮ್ಮೆ.

“ದೊಡ್ಡೋರೆಲ್ಲಾ ಮಧ್ಯದಲ್ಲೇ ಬಾಯಿ ಹಾಕ್ತಾರೆ. ನಾನ್ ಹೇಳೋದ್ನೆಲ್ಲಾ ಪೂರ್ತಿ ಕೇಳೋನು ಅಜ್ಜ ಒಬ್ನೇ,” ಅಂದಳು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫೋನಿನಲ್ಲಿ ಅವಳು ಅರ್ಧ ಗಂಟೆ ಮಾತಾಡಿದರೆ ಭಾವ ಅರ್ಧ ಗಂಟೆ ತಲೆಯಾಡಿಸುತ್ತಿದ್ದ, ಫೋನಿನಲ್ಲಿ ತಲೆ ಕಾಣುವುದಿಲ್ಲವೆಂಬುದನ್ನೂ ಮರೆತು. ಅಕ್ಕ ಪಕ್ಕದಲ್ಲಿದ್ದರೆ ಮಗುವಿನ ಮಾತನ್ನು ತನ್ನ ಮಾತಿನಲ್ಲಿ ಒಮ್ಮೆ ಗಟ್ಟಿಯಾಗಿ ಹೇಳುತ್ತಿದ್ದಳು, ಹೇಗೋ ಗಾಡಿ ಸಾಗುತ್ತಿತ್ತು. ಒಂದು ಸಲ ಅಕ್ಕ ಮನೆಯಲ್ಲಿರಲಿಲ್ಲ, ಪಕ್ಕದಲ್ಲಿ ಕೂತು ಕೇಳುತ್ತಿದ್ದವಳು ನಾನು. ಫೋನಿಟ್ಟ ಮೇಲೆ ನಾನು ಬಿಡಲಿಲ್ಲ.

“ಸಿಕ್ಸ್ಟೆನ್, ಮಗು ಏನ್ ಹೇಳ್ತು, ಹೇಳು ನೋಡೋಣ.”

“ಅದೇ, ಶಾಲೆ ವಿಷ್ಯ.”

“ಅವಳ ಮೊಲ ಸತ್ತೋಯ್ತು ಅಂತ ಹೇಳ್ತು. ನೀನು ‘ಭೇಷ್, ಭೇಷ್’ ಅಂದೆ.”

ಭಾವ ತನ್ನ ದಪ್ಪ ಮೀಸೆ ಸವರಿಕೊಂಡ. “ಅದಕ್ಕೇ ದನಿ ಸಪ್ಪಗಿತ್ತಾ?”

“ತಿಳೀಲಿಲ್ಲ, ಇನ್ನೊಂದ್ಸಲ ಹೇಳು ಅನ್ನೋಕೆ ಏನ್ ಧಾಡಿ ನಿಂಗೆ?”

“ಯೋರುನ್, ನಾನು ಬಳಗದ ಅಧ್ಯಕ್ಷ ಕಣೇ! ಸ್ವಂತ ಮೊಮ್ಮಗಳ ಮಾತು ತಿಳಿಯಲ್ಲ ಅಂತ ಊರಿಗೆ ಗೊತ್ತಾದ್ರೆ ಮುಖ ಎಲ್ಲಿಟ್ಕೊಳ್ಳಲಿ?”

“ಮೀಸೆ ಹಿಂದೆ ಇಟ್ಕೋ,” ಅಂದೆ.

ಈ ಸಲ ಹಬ್ಬ ನಮ್ಮ ಊರಿನ ಸರದಿ. ಮಾಲಿನ್‌ಗೆ ರಜೆ ಸಿಗದೆ ಲಿವಾಳನ್ನು ಪ್ರೇಬೆನ್ ಬಳಗದ ಬಸ್ಸಿನಲ್ಲೇ ಕಳಿಸಿದ್ದಳು. ಬೆಳಗ್ಗೆ ಅಕ್ಕನೂ ನಾನೂ ಸರೋವರದ ದಡದ ಬಳಗದ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸುತ್ತ, ಸ್ಟ್ರಾಬೆರಿ ಕೇಕಿಗೆ ಕೆನೆ ಕಡೆಯುತ್ತ ಇದ್ದೆವು. ಮಗು ಅಜ್ಜನ ಅಂಗಡಿಗೆ ಓಡಿತು. ಮಡಚುವ ಕುರ್ಚಿಗಳನ್ನು ತರಲು ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಕೆಲಸ ಕೆಟ್ಟಿತ್ತು.

ಆದದ್ದಿಷ್ಟು. ಲಿವಾ ಕುರ್ಚಿ ಹತ್ತಿ ಕೂತು ಹೇಳಿದ್ದಾಳೆ: ತುದಿ ಮಾತ್ರ ಕತ್ತರಿಸು ಅಜ್ಜ, ಹೋದ ಹಬ್ಬದಿಂದ ಬೆಳೆಸಿದ್ದೇನೆ, ಇವತ್ತು ಹೂವಿನ ಕಿರೀಟವನ್ನು ಜಡೆಗೆ ಸೇರಿಸಿ ಹೆಣೆಯಬೇಕು. ಭಾವ ಹೂಂ ಅಂದಿದ್ದಾನೆ. ಬೇಸಿಗೆ, ಮಗುವಿಗೆ ಸೆಕೆ, ಗಿಡ್ಡ ಮಾಡಿದರೆ ಹಾಯಾಗಿರುತ್ತದೆ ಎಂದು ತಾನೇ ತೀರ್ಮಾನಿಸಿದ್ದಾನೆ. ಮಕ್ಕಳಿಗೆ ಖುಷಿಯಾಗಲೆಂದು ಕುರ್ಚಿಯನ್ನು ಕನ್ನಡಿಗೆ ಬೆನ್ನು ಮಾಡಿ ತಿರುಗಿಸುವುದು, ಕೊನೆಗೆ ಗಿರ್ರನೆ ಕನ್ನಡಿಯತ್ತ ತಿರುಗಿಸುವುದು ಅವನ ಹಳೇ ಚಾಳಿ. ನಾನು ಬಾಗಿಲು ದಾಟುವಾಗ ಕುರ್ಚಿ ಗಿರ್ರನೆ ತಿರುಗಿತು. ಕೂದಲು ಕಿವಿಯ ಮೇಲಿತ್ತು, ಜಡೆ ನೆಲದ ಮೇಲಿತ್ತು.

ಮಗು ಕಿಟಾರನೆ ಕಿರುಚಿತು. “ತುದಿ ಮಾತ್ರ ಅಂದಿದ್ದೆ! ನೀನು ಹೂಂ ಅಂದೆ! ಹೂಂ ಅಂದೆ ನೀನು!”

ಭಾವ ಏನು ಮಾಡಿದ ಅಂದುಕೊಂಡಿರಿ? ಉಸಿರು ಒಳಗೆಳೆದು, “ಯಾ, ಯಾ,” ಅಂದ. ಒಯ್ಯಲು ಬಂದ ಕುರ್ಚಿಯನ್ನೇ ಎತ್ತಿ ಅವನ ತಲೆಗೆ ಬಡಿಯೋಣ ಅನಿಸಿತು ನನಗೆ.

ಮಧ್ಯಾಹ್ನ ದಡದಲ್ಲಿ ಊಟಕ್ಕೆ ಎಲ್ಲರೂ ಸೇರಿದರು. ಭಾವ ಎದ್ದು ಅಣ್ಣತಮ್ಮಂದಿರ ಭಾಷಣ ಮಾಡಿ, ಪ್ರೇಬೆನ್ ಪಕ್ಕ ಕೂತು ಮೀನು ಬಡಿಸಿಕೊಂಡ. ಲಿವಾಳ ಹೂವಿನ ಕಿರೀಟಕ್ಕೆ ಹಿಡಿತವಿಲ್ಲದೆ ಅದು ಮತ್ತೆ ಮತ್ತೆ ಮೂಗಿನ ಮೇಲೆ ಜಾರುತ್ತಿತ್ತು. ಅಂಗಡಿಯಿಂದ ಬಂದ ಮೇಲೆ ಅಜ್ಜನ ಹತ್ತಿರ ತುಟಿ ಬಿಚ್ಚಿರದವಳು ಈಗ ನೇರ ಬಂದು ಅವನ ಮುಂದೆ ನಿಂತು ಡ್ಯಾನಿಶ್‌ನಲ್ಲಿ ಗಟ್ಟಿಯಾಗಿ ಕೇಳಿದಳು.

“ಅಜ್ಜ, ನಿನ್ ಮೀಸೆ ಬೋಳಿಸ್ಲಾ?”

ಭಾವನ ಮುಖ ಅರಳಿತು. ಮಗು ಮಾತು ಬಿಟ್ಟಿಲ್ಲ! “ಯಾ, ಖಂಡಿತ ಬಂಗಾರಿ!”

ಡೆನ್ಮಾರ್ಕಿನವರ ಮೇಜು ಗೊಳ್ಳೆಂದಿತು.

“ನಿನ್ನ ನೀರಿಗೆ ತಳ್ಳಿಬಿಡ್ಲಾ?”

“ಆಗ್ಲಿ, ಆಗ್ಲಿ!”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಜೊತೆ ಭಾವನೂ ನಕ್ಕ, ಎಲ್ಲರಿಗಿಂತ ಜೋರಾಗಿ. ನಾನೂ ನಕ್ಕೆ, ಅನುಭವಿಸಲಿ ಎಂದು. ಲಿವಾ ಮಾತ್ರ ನಗಲಿಲ್ಲ. ಕಿರೀಟವನ್ನು ತಲೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಅವಳ ದನಿ ಇಳಿಯಿತು.

“ನಾನ್ ಇಷ್ಟು ದಿನ ಹೇಳಿದ್ದು ನೀನು ಒಂದೂ ಕೇಳಿಸ್ಕೊಂಡೇ ಇಲ್ಲ, ಅಲ್ವಾ? ನನ್ ಮೊಲದ ವಿಷ್ಯನೂ? ಇನ್ಮೇಲೆ ನಾನ್ ಇಲ್ಲಿಗೆ ಬರೋದೇ ಬೇಡ, ಅಲ್ವಾ ಅಜ್ಜ?”

“ಯಾ, ಯಾ,” ಅಂದ ಭಾವ, ಮೀಸೆಯ ತುಂಬ ನಗುತ್ತ.

ಡೆನ್ಮಾರ್ಕಿನವರ ನಗು ಪಕ್ಕನೆ ನಿಂತಿತು. ಪ್ರೇಬೆನ್ ತಟ್ಟೆ ನೋಡತೊಡಗಿದ. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಭಾವ ಒಬ್ಬನೇ ಇನ್ನೂ ನಗುತ್ತ, ಎಲ್ಲರ ಮುಖ ನೋಡುತ್ತ, ಆ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ನನ್ನತ್ತ ತಿರುಗಿದ.

“ಏನಂತೆ?” ಅಂದ ಮೆಲ್ಲಗೆ.

ನಾನು ಹೇಳಿದೆ. ಕುಟುಕುವ ಆಸೆಯೇ ಹೊರಟುಹೋಗಿತ್ತು, ಅವಳು ಹೇಳಿದ್ದನ್ನಷ್ಟೇ ಹೇಳಿದೆ. ಭಾವನ ಮುಖ ಬಿಳುಚಿಕೊಂಡಿತು. ನನಗೆ ಅವನ ಮೇಲೆ ಮೊದಲ ಬಾರಿಗೆ ನಿಜವಾಗಿ ಮರುಕ ಹುಟ್ಟಿತು. ಅವನು ಎದ್ದುನಿಂತ. ಮತ್ತೆ ಭಾಷಣವೇ ಎಂದು ನನಗೆ ಭಯ. ಆದರೆ ಅವನು ಮಗುವಿನ ಎದುರು ಹುಲ್ಲಿನ ಮೇಲೆ ಮಂಡಿಯೂರಿ ಕೂತ. ಮೂರು ಊರಿನವರಿಗೂ ತಿಳಿಯಲೆಂದು, ತಾನೇ ತಂದ ನಿಯಮ ಮುರಿದು, ತೊದಲು ಇಂಗ್ಲಿಷಿನಲ್ಲಿ ಹೇಳಿದ:

“ನೀನು ಆಡೋ ಮಾತು ನಂಗೆ ತಿಳಿಯಲ್ಲ, ಲಿವಾ. ಯಾವತ್ತೂ ತಿಳಿದಿಲ್ಲ. ನೀನು ಮಾತಾಡ್ತಿದ್ರೆ ಕೇಳ್ತಾನೇ ಇರಬೇಕು ಅನ್ಸೋದು. ನಿಲ್ಲಿಸ್ಬಿಡ್ತೀಯೇನೋ ಅಂತ ಹೂಂ ಅಂತಿದ್ದೆ.”

ಲಿವಾ ಅವನನ್ನು ದಿಟ್ಟಿಸಿದಳು. ಕಾರ್ಟೂನ್ ನೋಡಿ ಕಲಿತ ಅವಳ ಇಂಗ್ಲಿಷ್ ಅಜ್ಜನದಕ್ಕಿಂತ ಎಷ್ಟೋ ವಾಸಿ.

“ದಡ್ಡ ಅಜ್ಜ,” ಅಂದಳು ಅದರಲ್ಲಿ. “ಕೇಳ್ಬೋದಿತ್ತಲ್ಲ!”

ಯಾರೋ ಕೆಮ್ಮಿದರು. ಅಂಚೆ ಕಚೇರಿಯ ಹೆಂಗಸು ಎದ್ದು, ಹಿಂದಿನ ಸಲದ ಸೇಡೋ ಏನೋ, ಒದ್ದೆ ಬಟ್ಟೆಯೊಂದನ್ನು ತಂದು ಅಧ್ಯಕ್ಷನ ಹೆಗಲ ಮೇಲೆ ಹಾಕಿದಳು. ನಿಯಮವೆಂದರೆ ನಿಯಮ. ಆಗ ಪ್ರೇಬೆನ್ ಗಂಟಲು ಸರಿಮಾಡಿಕೊಂಡು, ಅವನೂ ಇಂಗ್ಲಿಷಿನಲ್ಲೇ, “ಸಿಕ್ಸ್ಟೆನ್, ನೀನು ನಕ್ಕಾಗೆಲ್ಲ ನಾನೂ ನಗ್ತಿದ್ದೆ, ಅಷ್ಟೇ,” ಎಂದು ಅಂಗಿಯ ತೋಳು ಮಡಚಿಕೊಂಡು ಪಾತ್ರೆ ತೊಳೆಯಲು ಅವನ ಹಿಂದೆ ಹೊರಟ. ನಮ್ಮ ನಾರ್ವೆಯವರು ಮಾತ್ರ ತಮಗೆಲ್ಲ ತಿಳಿದೇ ಇತ್ತೆಂಬ ಮುಖ ಮಾಡಿಕೊಂಡು ಇನ್ನಷ್ಟು ಕೇಕ್ ಬಡಿಸಿಕೊಂಡರು.

ಕಾಫಿ ಲೋಟಗಳನ್ನು ಕೊಡಲು ನಾನು ಅಡುಗೆಮನೆಗೆ ಹೋದಾಗ ಭಾವ ಮೊಣಕೈವರೆಗೆ ನೊರೆಯಲ್ಲಿದ್ದ. ಪ್ರೇಬೆನ್ ತಟ್ಟೆ ಒರೆಸುತ್ತಿದ್ದ. ಲಿವಾ ಮೇಜಿನ ಮೇಲೆ ಕೂತು ಕಾಲಾಡಿಸುತ್ತ, ಮರೆತು ಮತ್ತೆ ಡ್ಯಾನಿಶ್‌ನಲ್ಲೇ ಏನೋ ಉದ್ದಕ್ಕೆ ಹೇಳುತ್ತಿದ್ದಳು. ಅವಳು ನಿಲ್ಲಿಸಿದಾಗ ಭಾವ ಎದೆಯುಬ್ಬಿಸಿ ಉಸಿರನ್ನು ಒಳಗೆಳೆದುಕೊಂಡ. ಬಂತು ‘ಯಾ’ ಎಂದು ನಾನು ಹಲ್ಲು ಕಚ್ಚಿದೆ.

ಅವನು ಆ ಉಸಿರನ್ನು ಹೊರಗೆ ಬಿಟ್ಟ.

“ತಿಳೀಲಿಲ್ಲ ಬಂಗಾರಿ,” ಅಂದ. “ಇನ್ನೊಂದ್ಸಲ ಹೇಳು. ನಿಧಾನಕ್ಕೆ.”

ಲಿವಾ ದೊಡ್ಡವರಂತೆ ನಿಟ್ಟುಸಿರಿಟ್ಟು, ಮೊಲ ಸತ್ತ ದಿನದಿಂದ ಶುರುಮಾಡಿದಳು.