ಶಾಲೆಯಂಗಳದಲ್ಲಿ ಒಡಿಲಿಯಾಳ ಮಾತು

ಅಮೆರಿಕದ ಸಾನ್ ಆಂಟೋನಿಯೊ ನಗರದ ಲಾಂಡ್ರಿಯೊಂದರಲ್ಲಿ ನಲವತ್ತು ವರ್ಷ ಇಸ್ತ್ರಿ ಮಾಡಿ ದಣಿದಿದ್ದ ಒಡಿಲಿಯಾ ಗಾರ್ಸಾಗೆ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಸಾರ್ವಜನಿಕ ವೇದಿಕೆಗೆ ಕರೆ ಬಂತು. ಹಳೆಯ ಶಾಲೆಯೊಂದು ಈಗ ಸಂಸ್ಕೃತಿ ಭವನವಾಗಿತ್ತು. ಅಲ್ಲಿ ಪ್ರತಿ ಗುರುವಾರ ನಡೆಯುವ ಪರಂಪರೆಯ ಸಂಜೆಯಲ್ಲಿ ಅವಳು ಮಕ್ಕಳಿಗೆ ಸ್ಪ್ಯಾನಿಷ್‌ನಲ್ಲಿ ಕಥೆ ಹೇಳಬೇಕಂತೆ.

ಅದು ಅವಳೇ ಓದಿದ ಶಾಲೆ. ಎರಡನೆಯ ತರಗತಿಯಲ್ಲಿ ಮನೆಮಾತಾದ ಸ್ಪ್ಯಾನಿಷ್ ಆಡಿದ ತಪ್ಪಿಗೆ ಟೀಚರು ಅವಳ ಬಾಯಿಯನ್ನು ಸೋಪು ಹಾಕಿ ತೊಳೆಸಿದ್ದರು. ಆ ಪಾಡು ತನ್ನ ಮಕ್ಕಳಿಗೆ ಬೇಡವೆಂದು ಅವಳು ಅವರನ್ನು ಇಂಗ್ಲಿಷಿನಲ್ಲೇ ಬೆಳೆಸಿದಳು. ಕೇರಿಯ ಎಷ್ಟೋ ತಾಯಂದಿರು ಹಾಗೇ ಮಾಡಿದ್ದರು.

ಮೊದಲ ಗುರುವಾರ ಅವಳು ಸ್ಪ್ಯಾನಿಷ್‌ನಲ್ಲಿ ಮೊಲ ಮತ್ತು ತೋಳದ ಕಥೆ ತೆಗೆದಳು. ಚಾಪೆಯ ಮೇಲಿದ್ದ ಮಕ್ಕಳು ಕಣ್ಣು ಕಣ್ಣು ಬಿಟ್ಟರು. ಅವರಿಗೆ ಒಂದು ಮಾತೂ ತಿಳಿಯಲಿಲ್ಲ. ಪಾಪ ಅನಿಸಿ ಅವಳು ಇಂಗ್ಲಿಷಿಗೆ ಹೊರಳಿದಳು. ಕಾರ್ಯಕ್ರಮ ನಡೆಸುತ್ತಿದ್ದ ಬ್ರಿಸೇಡಾ ಎಂಬ ಹುಡುಗಿ ದಡಬಡಿಸಿ ಓಡಿಬಂದಳು.

“ಅಜ್ಜೀ, ಇಲ್ಲಿ ಇಂಗ್ಲಿಷ್ ಆಡೋ ಹಾಗಿಲ್ಲ! ರೂಲ್ಸ್ ಇದೆ.”

ಒಡಿಲಿಯಾ ಮೈಕು ಹಿಡಿದೇ ನಕ್ಕುಬಿಟ್ಟಳು. “ಅಲ್ವೇ ಮಗಳೇ, ಈ ಅಂಗಳದಲ್ಲಿ ನಾನು ಯಾವ ಮಾತಾಡಿದ್ರೂ ತಪ್ಪೇನಾ? ಸರಿ, ಸ್ಪ್ಯಾನಿಷ್‌ನಲ್ಲಿ ನೀನೇ ಹೇಳ್ಬಿಡು ಕಥೇನ.”

ಬ್ರಿಸೇಡಾಳ ಮುಖ ಕೆಂಪಾಯಿತು. “ನಂಗೆ... ಅಷ್ಟಾಗಿ ಬರಲ್ಲ ಅಜ್ಜಿ. ನಮ್ಮಮ್ಮ ಕಲಿಸ್ಲೇ ಇಲ್ಲ.”

“ಹಂಗಾದ್ರೆ ಕೂತ್ಕೋ ಬಾ, ಇವ್ರ ಪಕ್ಕದಲ್ಲಿ.”

ಅವಳು ಕೂತಳು. ಒಡಿಲಿಯಾ ಎರಡೂ ಭಾಷೆಗಳನ್ನು ಬೆರೆಸಿ ಕಥೆಯನ್ನು ಮೊದಲಿನಿಂದ ಹೇಳಿದಳು. ಮೊಲ ತೋಳಕ್ಕೆ ಟೋಪಿ ಹಾಕಿದ್ದನ್ನು ಸ್ಪ್ಯಾನಿಷ್‌ನಲ್ಲೇ ಹೇಳಿದಾಗ, ಅಷ್ಟರಲ್ಲಿ ಒಂದೆರಡು ಪದ ಹಿಡಿದಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಬ್ರಿಸೇಡಾ ನಕ್ಕಿದ್ದು ತುಸು ತಡವಾಗಿ, ಪಕ್ಕದ ಮಗುವನ್ನು ಅರ್ಥ ಕೇಳಿದ ಮೇಲೆ.