ಪರದೆಗೆ ಬಾರದ ಬಾಗಿಲುಗಳು

ಮೊನ್ನೆ ಜಮಖಂಡಿಯ ಹಳೆಯ ಎಕ್ಸ್-ರೇ ಕೇಂದ್ರದ ಬೆಂಚಿನ ಮೇಲೆ ಕುಳಿತಿದ್ದಾಗ ಒಳಗಿನಿಂದ ಫಿಲ್ಮ್ ತೊಳೆಯುವ ದ್ರಾವಣದ ಹುಳಿ ವಾಸನೆ ಬಂತು. ಬೀಳಗಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಫೋಟೊ ಕಾಕಾ ನೆನಪಾದರು. ಅವರ ಅಂಗಿಗೂ ಸದಾ ಇದೇ ವಾಸನೆ...

ನಮ್ಮೂರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಕಾಕಾ ಮನೆಮನೆಗೂ ಹೋಗಿ, ಮನೆಯವರನ್ನೆಲ್ಲ ಬಾಗಿಲಲ್ಲಿ ನಿಲ್ಲಿಸಿ ಫೋಟೊ ತೆಗೆದಿದ್ದರು. ಯಾರೂ ಹೇಳಿ ತೆಗೆಸಿದ್ದಲ್ಲ, ಹಾಗಾಗಿ ಪ್ರತಿಗಳೂ ಯಾರ ಮನೆಯಲ್ಲೂ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಊರು ಬಿಟ್ಟವರು ಕಟ್ಟಿಕೊಂಡ ಸಂಘಕ್ಕೆ ವೆಬ್‌ಸೈಟ್ ಮಾಡುವ ಕೆಲಸ ಬೀಳಗಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ನನಗೆ ಬಂತು. ಕಾಕಾ ಆ ಫೋಟೊಗಳ ಸಿಡಿ ತಂದುಕೊಟ್ಟರು. ಸಿದ್ಧವಾಗಿ ಸಿಗುವ ಸ್ಲೈಡ್‌ಶೋಗಳು ನಮ್ಮ ಆಮೆವೇಗದ ಇಂಟರ್ನೆಟ್ಟಿನಲ್ಲಿ ತೆರೆಯುತ್ತಲೇ ಇರಲಿಲ್ಲ. ನಾನೇ ಒಂದು ಸಣ್ಣ ಪ್ಲಗಿನ್, ಅಂದರೆ ವೆಬ್‌ಸೈಟಿಗೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಬರೆದೆ. ಒಂದು ಫೋಟೊ ಮಸುಕಾಗಿ ಇನ್ನೊಂದು ಮೂಡಬೇಕು, ಅಷ್ಟೇ.

ಕಾಕಾ ಪಕ್ಕದಲ್ಲೇ ಕುಳಿತು ನೋಡಿದರು.

“ಇಷ್ಟ್ಯಾಕ ಗಡಿಬಿಡಿ ಮಾಡತೈತೋ ತಮ್ಮಾ? ತಮ್ಮ ಮನಿ ಗುರ್ತ ಹಿಡ್ಯಾಕ ಮಂದಿಗೆ ವ್ಯಾಳ್ಯಾ ಬೇಕಲ್ಲ.”

ವೇಗ ತಗ್ಗಿಸಿದೆ. ಮೌಸ್ ಇಟ್ಟರೆ ಫೋಟೊ ಅಲ್ಲೇ ನಿಲ್ಲುವಂತೆಯೂ ಮಾಡಿದೆ. ಅವರಿಗೆ ಅದು ಬಹಳ ಹಿಡಿಸಿತು.

ಉದ್ಘಾಟನೆಯ ದಿನ ಸಭಾಭವನ ತುಂಬಿತ್ತು. ಪರದೆಯ ಮೇಲೆ ಮೊದಲು ಸಂಘದ ಅಧ್ಯಕ್ಷರ ಸನ್ಮಾನದ ಫೋಟೊ ಮೂಡಿತು. ಆಮೇಲೆ ಮಂತ್ರಿಯೊಬ್ಬರಿಗೆ ಶಾಲು, ಮತ್ತೆ ಹಾರ, ಮತ್ತೆ ಶಾಲು... ಹಿಂದಿನ ದಿನ ಅಧ್ಯಕ್ಷರು ನಮ್ಮನ್ನು ಕೇಳದೆ, ಬೇರೆ ಯಾರಿಂದಲೋ ಬಾಗಿಲಿನ ಫೋಟೊಗಳನ್ನೆಲ್ಲ ತೆಗೆಸಿಹಾಕಿದ್ದರು. ನಮ್ಮ ಓಣಿಯ ಮುದುಕಿಯೊಬ್ಬಳು ಕಾಕಾನ ತೋಳು ಹಿಡಿದು, “ನಮ್ಮ ಮನಿ ಯಾವಾಗ ಬರತೈತ್ರಿ?” ಎಂದು ಕೇಳುತ್ತಲೇ ಇದ್ದಳು.

ಸಭೆ ಮುಗಿದ ಮೇಲೆ ಕಾಕಾ ಅಧ್ಯಕ್ಷರ ಎದುರು ನಿಂತರು. “ನನ್ನ ಫೋಟೊ ಎಲ್ಲಿ ಹ್ವಾದುವ್ರಿ, ಸಾಹೇಬ್ರ?”

“ಬಿದ್ದ ಗ್ವಾಡಿ ನೋಡಿ ಏನ್ ಮಾಡೂದೈತಿ? ಮುಂದಿಂದ ನೋಡ್ರಿ,” ಎಂದರು ಅಧ್ಯಕ್ಷರು.

ಕಾಕಾ ಸೀದಾ ನನ್ನ ಅಂಗಡಿಗೆ ಬಂದು, ಸಿಡಿ ಇಸಿದುಕೊಂಡು, ಕಂಪ್ಯೂಟರಿನಲ್ಲಿದ್ದುದನ್ನೂ ತಮ್ಮೆದುರೇ ಅಳಿಸಿಹಾಕಿಸಿದರು. ಆಮೇಲೆ ಸ್ಟುಡಿಯೋದ ಬಾಗಿಲು ತೆಗೆಯುವುದೂ ಕಡಿಮೆಯಾಯಿತು. ಅವರು ತೀರಿಕೊಂಡಾಗ ಬಾಡಿಗೆ ಮಳಿಗೆಯ ಮಾಲೀಕ ನೆಗೆಟಿವ್, ಸಿಡಿ ಸಮೇತ ಒಳಗಿದ್ದುದನ್ನೆಲ್ಲ ಗುಜರಿಗೆ ಹಾಕಿದನಂತೆ.

ಕಳೆದ ವಾರ ಸಂಘದಿಂದ ಫೋನ್ ಬಂತು. “ಆ ಹಳೀ ಮನಿ ಫೋಟೊ ಅದಾವೇನ್ರಿ? ಸ್ಮರಣ ಸಂಚಿಕೆಗೆ ಬೇಕಾಗ್ಯಾವು.”

ಇಲ್ಲ ಎಂದೆ. ನಿಜಕ್ಕೂ ಇಲ್ಲ. ವೆಬ್‌ಸೈಟ್ ಇನ್ನೂ ಇದೆ, ನಾನು ಬರೆದ ಪ್ಲಗಿನ್ ಇನ್ನೂ ಶಾಲು, ಹಾರಗಳನ್ನೇ ತಿರುಗಿಸುತ್ತಿದೆ. ಕಾಕಾ ತೆಗೆದ ಒಂದು ಫೋಟೊದಲ್ಲಿ ನಮ್ಮ ಅವ್ವ ಹೊಸ್ತಿಲ ಮೇಲೆ ನಿಂತಿದ್ದಳು. ಅವಳದು ಅಂತ ಇದ್ದದ್ದು ಅದೊಂದೇ ಫೋಟೊ.