ಮೊಣಕೈಗೆ ಹತ್ತದ ಮಣ್ಣು

ಮನೀಷಾ, ಅಂದು ನೀನು ಸೋತದ್ದು ನಾನು ಹೇಳಿದ್ದಕ್ಕೆ. ನನ್ನ ಮಗಳು ಶ್ರೀದೇವಿ ನಿನ್ನನ್ನು ಗೆದ್ದಳೆಂದು ಕುಸ್ತಿ ತಾಲೀಮಿನವರೆಲ್ಲ ನಂಬಿದರು. ಅವಳೂ ನಂಬಿದಳು. ಹನ್ನೊಂದು ವರ್ಷ ನಾನು ಬಾಯಿ ಬಿಡಲಿಲ್ಲ.

ಇಷ್ಟು ಬರೆಯಲು ಮೂರು ದಿನ ಹಿಡಿಯಿತು. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ — ಕ್ರಮವಾಗಿ ಬರೆಯದಿದ್ದರೆ ನನಗೆ ಬೇಡವಾದದ್ದು ನಡುವೆ ಎಲ್ಲೋ ಜಾರಿಹೋಗುತ್ತದೆ. ಹಾಗೆ ಜಾರಿಸುವುದು ನನಗೆ ರೂಢಿಯಾಗಿದೆ.

ನಿನ್ನ ಅಪ್ಪ ನಿನ್ನನ್ನು ಜೊಯಿಡಾದ ಕಡೆಯಿಂದ ಹಳಿಯಾಳಕ್ಕೆ ಕುಸ್ತಿ ಕಲಿಯಲು ಕರೆತಂದಾಗ ನಿನಗೆ ಹನ್ನೆರಡು ವರ್ಷ. ನಿಮ್ಮೂರಿಗೆ ಇದ್ದದ್ದು ದಿನಕ್ಕೆ ಎರಡು ಬಸ್ಸು. ಸಂಜೆಯ ತಾಲೀಮು ಮುಗಿಸಿ ಮನೆ ಸೇರುವಂತಿರಲಿಲ್ಲ. ನಮ್ಮ ಮನೆ ಗರಡಿಯ ಹಿಂದಿನ ಓಣಿಯಲ್ಲೇ ಇತ್ತು. 'ಇಲ್ಲೇ ಇರಲಿ ಬಿಡ್ರಿ, ನಮ್ಮ ಹುಡುಗಿಗೂ ಒಂದು ಜೋಡಿ ಆಕ್ಕೈತಿ' ಎಂದವಳು ನಾನೇ. ಶ್ರೀದೇವಿಗೂ ಹನ್ನೆರಡು, ತೂಕವೂ ನಿನ್ನಷ್ಟೇ. ನೀನು ನನ್ನನ್ನು ಚಿಕ್ಕಮ್ಮನೆಂಬಂತೆ ಮಾವಶಿ ಎಂದು ಕರೆದೆ.

ದಿನಾ ಸಂಜೆ ನೀವಿಬ್ಬರೂ ಕೆಂಪು ಮಣ್ಣು ಮೆತ್ತಿಕೊಂಡು ಬರುತ್ತಿದ್ದಿರಿ. ಎಣ್ಣೆ, ಮಜ್ಜಿಗೆ, ಅರಿಶಿಣ ಹಾಕಿ ಹದ ಮಾಡಿದ ಆ ಮಣ್ಣು ಸುಲಭಕ್ಕೆ ಬಿಡುವುದಿಲ್ಲ. ಬಚ್ಚಲಲ್ಲಿ ಇಬ್ಬರ ಬೆನ್ನನ್ನೂ ನಾನೇ ತಿಕ್ಕುತ್ತಿದ್ದೆ. ಯಾರು ಸೋತರೆಂದು ನಾನು ಕೇಳಬೇಕಾಗಿರಲಿಲ್ಲ. ಎರಡೂ ಭುಜ ನೆಲಕ್ಕೆ ಹತ್ತಿದರೆ ಸೋಲು. ಮಣ್ಣು ತಾನೇ ಹೇಳುತ್ತಿತ್ತು. ನೀವಿಬ್ಬರೂ ಎದುರಾಗಿ ಕುಸ್ತಿ ಹಿಡಿದ ದಿನ ಅದು ಯಾವಾಗಲೂ ಶ್ರೀದೇವಿಯ ಬೆನ್ನ ಮೇಲಿರುತ್ತಿತ್ತು.

ಕುಸ್ತಿ ಕಲಿಸುವ ವಸ್ತಾದರು ನಗಿಸುತ್ತಲೇ ಚುಚ್ಚುವವರು. 'ಏನವಾ ಶ್ರೀದೇವಿ, ದಿನಾ ಮಣ್ಣಿಗೆ ಬೆನ್ನ ತೋರಿಸಾಕ ಬರ್ತಿಯೇನು? ಬೆನ್ನ ತಿಕ್ಕಿಸ್ಕೊಳ್ಳೂದ ಆದ್ರ ಮನ್ಯಾಗ ನಿಮ್ಮವ್ವ ಅದಾಳಲ್ಲ!' ಎಲ್ಲ ಹುಡುಗಿಯರೂ ನಕ್ಕರು. ನೀನು ನಗಲಿಲ್ಲ. ಅದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ನೋಡಿಯೂ —

ಕ್ರೀಡಾ ಹಾಸ್ಟೆಲಿನ ಆಯ್ಕೆ ಬಂತು. ನಿಮ್ಮ ತೂಕಕ್ಕೆ ನಮ್ಮ ತಾಲೀಮಿನಿಂದ ಒಬ್ಬಳನ್ನೇ ಕಳಿಸುವುದೆಂದು ವಸ್ತಾದರು ಹೇಳಿದರು. ನೀವಿಬ್ಬರೂ ಒಂದು ಕುಸ್ತಿ ಆಡಬೇಕು, ಗೆದ್ದವಳು ಹೋಗುತ್ತಾಳೆ. ಶ್ರೀದೇವಿ ಅದಾಗಲೇ ನಿನಗೆ ಏಳು ಸಲ ಸೋತಿದ್ದಳು. 'ಎಂಟನೇದ್ದೂ ಸೋತ್ರ ಮುಗೀತು. ಅಲ್ಲಿಂದ ಮುಂದ ನಾ ತಾಲೀಮಿಗೆ ಹೋಗಂಗಿಲ್ಲ' ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಹಾಡು ಬಿಟ್ಟಿದ್ದಳು, ಹೊಲಿಗೆ ಬಿಟ್ಟಿದ್ದಳು. ಇದನ್ನೂ ಬಿಟ್ಟರೆ ಜೀವನವಿಡೀ ಬಿಡುವವಳೇ ಆಗುತ್ತಾಳೆ ಎಂದುಕೊಂಡೆ. ಮಗಳಿಗೆ ಹಠ ಕಲಿಸಬೇಕಿತ್ತು. ಸೋತ ಮಗುವಿನ ಪಕ್ಕ ಸುಮ್ಮನೆ ಕೂರುವುದೂ ಕಲಿಸುವುದೇ ಎಂದು ನನಗೆ ಹೊಳೆಯಲಿಲ್ಲ. ಕೂರುವ ತಾಳ್ಮೆ ನನಗೇ ಇರಲಿಲ್ಲ.

ಆ ಕುಸ್ತಿಯ ಹಿಂದಿನ ದಿನ ಸಂಜೆ ನೀನು ಒಬ್ಬಳೇ ಒಲೆಯ ಮುಂದೆ ಉಣ್ಣುತ್ತಿದ್ದೆ. ಶ್ರೀದೇವಿಯ ಅಪ್ಪ ದಾಂಡೇಲಿಯ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದರು. ಶ್ರೀದೇವಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ನಾನು ನಿನ್ನ ರೊಟ್ಟಿಯ ಮೇಲೆ ಎಂದಿಗಿಂತ ಹೆಚ್ಚು ತುಪ್ಪ ಹಾಕಿದೆ. ಆ ತುಪ್ಪ ನನಗೆ ಸರಿಯಾಗಿ ನೆನಪಿದೆ — ಮೊದಲು ತುಪ್ಪ ಹಾಕಿದೆ, ಆಮೇಲೆ ಮಾತು ತೆಗೆದೆ.

'ನಾಳೆ ಒಂದ ಸಲ ಆಕಿಗೆ ಬಿಟ್ಟಕೊಡವಾ.'

ನಿನ್ನ ಕೈ ನಿಂತಿತು. 'ಸೋಲಬೇಕೇನ್ರಿ, ಮಾವಶಿ?'

'ಹಂಗಲ್ಲ... ಆಕಿ ಕುಸ್ತಿನ ಬಿಟ್ಟಬಿಡ್ತಾಳ ನೋಡು. ನೀ ಗಟ್ಟಿ ಅದಿ, ಮುಂದಿನ ವರ್ಷ ನಿನ್ನ ಕಳಿಸ್ತಾರ.'

'ಹೂಂರಿ' ಎಂದೆ ನೀನು. ಉಳಿದ ರೊಟ್ಟಿ ತಿಂದು, ತಾಟು ತೊಳೆದಿಟ್ಟೆ. ನಮ್ಮ ಮನೆಯ ಅನ್ನ ಉಣ್ಣುವ ಹುಡುಗಿ ಬೇರೆ ಏನು ಹೇಳಲು ಸಾಧ್ಯವಿತ್ತು? ಇಲ್ಲ ಎಂದು ಹೇಳಲಾರದವಳನ್ನೇ ನಾನು ಕೇಳಿದೆ. ತಿಳಿದೇ ಕೇಳಿದೆ.

ಮರುದಿನದ ಕುಸ್ತಿ ಬೇಗ ಮುಗಿಯಿತು. ಶ್ರೀದೇವಿ ನಿನ್ನ ಕಾಲು ಹಿಡಿದು ಎಳೆದಳು, ನೀನು ಹಿಂದಕ್ಕೆ ಬಿದ್ದೆ, ಎರಡೂ ಭುಜ ಹತ್ತಿದವು. ಶ್ರೀದೇವಿ ಕೂಗಿದ ಕೂಗು ಓಣಿಯವರೆಗೆ ಕೇಳಿತಂತೆ. ವಸ್ತಾದರು ನಿನ್ನನ್ನು ಎಲ್ಲರ ಎದುರು ನಿಲ್ಲಿಸಿದರು.

'ಮನೀಷಾ, ತೋಳಿನ್ಯಾಗ ಬಲ ಐತಿ ನಿಂದು, ಒಳಗ ಹಠ ಇಲ್ಲ. ಹಠ ಇಲ್ದಾಕಿನ್ನ ಕಳಿಸಿ ನಾ ಏನ ಮಾಡ್ಲಿ?'

ನೀನು ನನ್ನ ಕಡೆ ನೋಡಿದೆ. ಒಮ್ಮೆ ಮಾತ್ರ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಸೆರಗು ಸರಿಮಾಡಿಕೊಂಡೆ.

ಆ ಸಂಜೆ ನಿನ್ನ ಬೆನ್ನು ತಿಕ್ಕುವಾಗ ನಾನು ಕಂಡದ್ದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಬೆನ್ನ ತುಂಬ ಮಣ್ಣಿತ್ತು. ಮೊಣಕೈ ಹೆಚ್ಚು ಕಡಿಮೆ ಸ್ವಚ್ಛವಾಗಿತ್ತು. ತಡೆಯಲು ಹೆಣಗಿ ಬಿದ್ದವರ ಮೊಣಕೈಗೆ ಬೆನ್ನಿಗಿಂತ ಮೊದಲು ಮಣ್ಣು ಹತ್ತುತ್ತದೆ. ಶ್ರೀದೇವಿಯ ಮೊಣಕೈ ಏಳು ಸಲವೂ ತರಚಿತ್ತು. ನೀನು ನೆಲಕ್ಕೆ ಕೈಯನ್ನೇ ಊರಿರಲಿಲ್ಲ. ನಾನು ನೀರು ಸುರಿದೆ. ಹೆಣಗದೆ ಮೆತ್ತಿದ ಮಣ್ಣು, ಒಂದೇ ತಂಬಿಗೆಗೆ ಎಲ್ಲ ಹರಿದುಹೋಯಿತು.

ಹೋಳಿ ಹಬ್ಬಕ್ಕೆಂದು ಊರಿಗೆ ಹೋದವಳು ನೀನು ಮರಳಿ ಬರಲಿಲ್ಲ. ಬಾ ಎಂದು ನಾನು ಹೇಳಿಕಳಿಸಲಿಲ್ಲ. ನಿನ್ನ ಟ್ರಂಕು ಒಯ್ಯಲು ನಿನ್ನ ಅಪ್ಪ ಬಂದರು. 'ಮನಿ ನೆನಪ ಆಕ್ಕೈತಂತರಿ ಹುಡುಗಿಗೆ' ಎಂದರು. 'ಹೌದಿರಬೇಕ್ರಿ' ಎಂದು ಅವರಿಗೆ ಚಹಾ ಕೊಟ್ಟೆ.

ಶ್ರೀದೇವಿ ಹಾಸ್ಟೆಲ್ ಸೇರಿದಳು. ಆಮೇಲೆ ಬಹಳ ಸಲ ಸೋತಳು, ತಾನಾಗಿಯೇ ಎದ್ದಳು — ಅದು ಅವಳದೇ, ಅದರಲ್ಲಿ ನನ್ನ ಕೈ ಇಲ್ಲ. ಈಗ ಅದೇ ಗರಡಿಯಲ್ಲಿ ಸಣ್ಣ ಹುಡುಗಿಯರಿಗೆ ಕಲಿಸುತ್ತಾಳೆ. ಮಕ್ಕಳಿಗೆ ನಾಲ್ಕು ಮಾತು ಹೇಳಲು ಶಾಲೆಗಳವರು ಕರೆಯುತ್ತಾರೆ. ಹೋದ ತಿಂಗಳು ಹಾಗೊಂದು ಶಾಲೆಗೆ ನಾನೂ ಹೋಗಿದ್ದೆ. 'ಏಳು ಸಲ ಒಬ್ಬಾಕಿಗೇ ಸೋತೆ. ಎಂಟನೇ ಸಲ ಗೆದ್ದೆ. ಅವತ್ತ ನಾ ಹಠ ಅಂದ್ರೇನು ಅಂತ ಕಲ್ತೆ' ಎಂದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಮುಂದೆ ಕೂತ ಒಬ್ಬ ಪುಟ್ಟ ಹುಡುಗಿ ಎದ್ದು ಕೇಳಿದಳು:

'ಅಕ್ಕಾ, ಆಕಿ ಏನಾದ್ಳ್ರಿ? ಸೋತಾಕಿ?'

ಶ್ರೀದೇವಿ ಹೇಳಿದಳು. 'ಆಕಿ ಬಿಟ್ಟ ಹೋದ್ಳವಾ. ಒಂದ ಸೋಲು ತಡ್ಕೊಳ್ಳಾಕ ಆಗಲಿಲ್ಲ ಆಕಿಗೆ.'

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಕೂತೇ ಇದ್ದೆ.

ಅದಾದ ವಾರಕ್ಕೆ ನಾನು ನೀನು ಕೆಲಸ ಮಾಡುವ ಗಣೇಶಗುಡಿಗೆ ಬಂದದ್ದು. ಡ್ಯಾಮ್ ನೋಡಲು ಬಂದೆ ಎಂದು ನಿನಗೆ ಹೇಳಿದೆ, ಅದೂ ಸುಳ್ಳು. ನೀನು ಹೊಳೆಯ ದಂಡೆಯಲ್ಲಿ ರಾಫ್ಟಿಂಗ್‌ಗೆ ಬಂದವರಿಗೆ ಜಾಕೆಟ್ ಕಟ್ಟುತ್ತಿದ್ದೆ. 'ಮಾವಶೀ! ದಪ್ಪ ಆಗೀರಿ. ನಿಮಗ ಈ ಜಾಕೀಟು ಹಿಡಿಯಂಗಿಲ್ಲ' ಎಂದು ನೀನು ನಕ್ಕೆ. ಚಹಾ ತರಿಸಿದೆ. ಶ್ರೀದೇವಿ ಹೇಗಿದ್ದಾಳೆ ಎಂದು ಕೇಳಿದೆ. ನಾನು ಲೋಟ ನೋಡುತ್ತ ಕೂತಿದ್ದಾಗ ನೀನೇ ಹೇಳಿದೆ:

'ಅವತ್ತ ಖರೇನ ಆಡಿದ್ರ ಗೆಲ್ತಿದ್ನೋ ಇಲ್ಲೋ, ನನಗೂ ಗೊತ್ತಿಲ್ರಿ. ಆಕಿ ಅವತ್ತ ಭಾಳ ಜೋರಿದ್ಲು, ಹಿಡಿತ ಗಟ್ಟಿ ಇತ್ತು. ಖರೇನ ಗೆಲ್ತಿದ್ಲೋ ಏನೋ. ಅದೊಂದು ಗೊತ್ತಾಗಲೇ ಇಲ್ಲ ನೋಡ್ರಿ.'

ಯಾರೋ ಕರೆದರು, ನೀನು ಹೋದೆ. ನಾನು ಕ್ಷಮೆ ಕೇಳದೆ ಬಸ್ಸು ಹತ್ತಿದೆ.

ನಿನ್ನೊಬ್ಬಳಿಗೆ ಅನ್ಯಾಯ ಮಾಡಿ ಮಗಳಿಗೆ ಒಳ್ಳೆಯದು ಮಾಡಿದೆ ಎಂದುಕೊಂಡಿದ್ದೆ. ಅದೂ ಹುಸಿ. ಅವಳು ನಿಜವಾಗಿ ಗೆಲ್ಲಬಹುದಾಗಿದ್ದ ದಿನವನ್ನೂ ನಾನೇ ಕಿತ್ತುಕೊಂಡೆ. ಮಗಳ ಮೇಲೆ ನಂಬಿಕೆ ಇಲ್ಲದವಳು ನಾನು. ಸೋಲು ತಡೆದುಕೊಳ್ಳಲಾರದವಳು ನೀನಲ್ಲ, ಅವಳೂ ಅಲ್ಲ.

ಅವಳು ಶಾಲೆಯಲ್ಲಿ ನಿನ್ನ ಬಗ್ಗೆ ಆಡುವ ಮಾತನ್ನು ಅಂದು ಹೊಳೆಯ ದಂಡೆಯಲ್ಲಿ ನಿನಗೆ ಹೇಳಲಾಗಲಿಲ್ಲ. ಈಗ ಬರೆದಿದ್ದೇನೆ. ಕ್ಷಮಿಸು ಎಂದು ಬರೆಯಲು ಎರಡು ಸಲ ಪೆನ್ನು ಊರಿ ಬಿಟ್ಟೆ. ಕೇಳಿದರೆ ನೀನು ಮತ್ತೆ 'ಹೂಂರಿ' ಎನ್ನುತ್ತೀಯೆಂದು ನನಗೆ ಗೊತ್ತು.

ಶನಿವಾರ ನಮ್ಮ ಜಿಲ್ಲೆಯದೇ ಇಂದೂರು ಹಳ್ಳಿಯ ಶಾಲೆಗೆ ಶ್ರೀದೇವಿಯನ್ನು ಕರೆದಿದ್ದಾರೆ. ಶುಕ್ರವಾರ ಸಂಜೆ ಅವಳು ಗರಡಿಯಿಂದ ಬಂದು ಮೈ ತೊಳೆಯುವ ಮೊದಲೇ ಕೂರಿಸಿ ಎಲ್ಲ ಹೇಳುತ್ತೇನೆ — ತುಪ್ಪದಿಂದ ಹಿಡಿದು ನಿನ್ನ ಮೊಣಕೈಯವರೆಗೆ. ಅವಳು ಕುಸ್ತಿ ಬಿಟ್ಟರೂ ಬಿಡಬಹುದು. ಆ ಹೆದರಿಕೆಯನ್ನೇ ಅಂದು ನಾನು ಹನ್ನೆರಡು ವರ್ಷದ ನಿನ್ನ ಮೇಲೆ ಹೊರಿಸಿದೆ. ಈ ಸಲ ಅದು ನನ್ನ ಮೇಲೆಯೇ ಇರಲಿ.